ಬುತ್ತಿ ಇಡುತ್ತಿದ್ದ ಜಾಗದಲ್ಲಿ ಬ್ರೇಕ್ ವಾಲ್ವ್

೨೦೨೨ನೆಯ ಇಸವಿಯಲ್ಲಿ ನಾನು ರೈಲ್ವೆಯ ಕ್ಯಾರೇಜ್ ಅಂಡ್ ವ್ಯಾಗನ್ ವಿಭಾಗದಲ್ಲಿ ಸೀನಿಯರ್ ಸೆಕ್ಷನ್ ಇಂಜಿನಿಯರ್ ಹುದ್ದೆಯಲ್ಲಿದ್ದೆ. ಹಳಿಯ ಕೆಳಗೆ ಹಾಸುವ ಜಲ್ಲಿಯನ್ನು ಸಾಗಿಸುವ ಹಾಪರ್ ವ್ಯಾಗನ್‌ಗಳ ನಿರ್ವಹಣೆ ನನ್ನ ಹೊಣೆಯಾಗಿತ್ತು. ಕೆಲಸ ಚಾಮರಾಜನಗರದ ಕಡೆಯ ಒಂದು ಸೈಡಿಂಗಿನಲ್ಲಿ, ಅಂದರೆ ವ್ಯಾಗನ್‌ಗಳನ್ನು ನಿಲ್ಲಿಸುವ ಪಕ್ಕದ ಹಳಿಯಲ್ಲಿ; ಮನೆ ಗುಂಡ್ಲುಪೇಟೆಯಲ್ಲಿ. ಗುಂಡ್ಲುಪೇಟೆಗೆ ರೈಲು ಇಲ್ಲದಿರುವುದರಿಂದ ರೈಲ್ವೆ ನೌಕರನಾದ ನಾನು ಪ್ರತಿದಿನವೂ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಈ ಸಂಗತಿಯನ್ನು ಇಲ್ಲಿ ನಮೂದಿಸಲು ಕಾರಣವಿದ್ದು, ಅದು ಮುಂದೆ ತಿಳಿದುಬರುತ್ತದೆ.

ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಕಚೇರಿ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದವನು ನಾನಲ್ಲ. ಆದುದರಿಂದ ಈ ಬರಹವೂ ಪತ್ರದ ಧಾಟಿಗೆ ತಿರುಗಿದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುವುದಷ್ಟೇ ನನಗೆ ಗೊತ್ತಿರುವ ವಿಧಾನ.

ಮೊದಲಿಗೆ ಏರ್ ಬ್ರೇಕಿನ ಬಗ್ಗೆ ಎರಡು ಮಾತು. ಇಂಜಿನ್ನಿನಿಂದ ಕೊನೆಯ ವ್ಯಾಗನ್‌ವರೆಗೆ ಒಂದು ಗಾಳಿಯ ಪೈಪ್ ಸಾಗುತ್ತದೆ. ಅದರಲ್ಲಿ ಚದರ ಸೆಂಟಿಮೀಟರಿಗೆ ಐದು ಕಿಲೋ ಒತ್ತಡ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ. ಒತ್ತಡ ಇಳಿದರೆ ಬ್ರೇಕು ಹಿಡಿಯುತ್ತದೆ. ಒತ್ತಡ ಇಳಿದದ್ದನ್ನು ಗುರುತಿಸಿ, ವ್ಯಾಗನ್ನಿನ ಟ್ಯಾಂಕಿನಲ್ಲಿ ಕೂಡಿಟ್ಟ ಗಾಳಿಯನ್ನು ಬ್ರೇಕಿನತ್ತ ಕಳುಹಿಸುವ ಭಾಗಕ್ಕೆ ಡಿಸ್ಟ್ರಿಬ್ಯೂಟರ್ ವಾಲ್ವ್ ಎನ್ನುತ್ತಾರೆ. ನಾವು ಡಿ.ವಿ. ಎನ್ನುತ್ತಿದ್ದೆವು. ಪ್ರತಿ ವ್ಯಾಗನ್‌ಗೂ ಒಂದು ಡಿ.ವಿ. ಇದ್ದು, ಪಕ್ಕದಲ್ಲಿ ಐಸೊಲೇಟಿಂಗ್ ಕಾಕ್ ಎಂಬ ಹಿಡಿಕೆ ಇರುತ್ತದೆ. ಹಿಡಿಕೆ ಪೈಪಿನ ಉದ್ದಕ್ಕೆ ನೆಟ್ಟಗಿದ್ದರೆ ಡಿ.ವಿ. ಕೆಲಸ ಮಾಡುತ್ತದೆ. ಅಡ್ಡಕ್ಕೆ ತಿರುಗಿದರೆ ಆ ವ್ಯಾಗನ್‌ನ ಬ್ರೇಕು ಇಲ್ಲವೆಂದೇ ಲೆಕ್ಕ. ಓದುಗರು ಈ ಹಿಡಿಕೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ನಮ್ಮ ಹಳೆಯ ಹಾಪರ್‌ಗಳಲ್ಲಿ ಡಿ.ವಿ.ಯನ್ನು ವ್ಯಾಗನ್ನಿನ ನಟ್ಟನಡುವೆ, ಒಳಮುಖವಾಗಿ ಕೂರಿಸಲಾಗಿತ್ತು. ಅದನ್ನು ಬದಲಿಸಬೇಕಾದರೆ ಇಬ್ಬರು ಜಲ್ಲಿಯ ಮೇಲೆ ಅಂಗಾತ ಮಲಗಿ ತೆವಳಿಕೊಂಡು ಹೋಗಬೇಕು. ನಟ್ಟುಗಳನ್ನು ಕಣ್ಣಿಗೆ ಕಾಣದೆ ಬೆರಳಿನಿಂದಲೇ ಹುಡುಕಬೇಕು. ಕೊನೆಯ ನಟ್ಟು ಬಿಚ್ಚಿದ ಕೂಡಲೇ ಎರಡು ಕೈಯಲ್ಲಿ ಎತ್ತಬೇಕಾದ ಆ ಕಬ್ಬಿಣ ಮಲಗಿದವನ ಎದೆಯ ನೇರಕ್ಕೆ ಇಳಿಯುತ್ತದೆ. ಒಂದು ಡಿ.ವಿ.ಗೆ ಒಂದೂವರೆ ಗಂಟೆ ಹಿಡಿಯುತ್ತಿತ್ತು.

ಕುದೇರಿನ ಮಾದಪ್ಪ ನನ್ನ ಕೈಕೆಳಗಿನ ಫಿಟ್ಟರ್. ಐವತ್ತೆರಡು ವರ್ಷ ವಯಸ್ಸು. ಪೈಪಿಗೆ ಕಿವಿ ಹಚ್ಚಿದರೆ ಗಾಳಿ ಎಲ್ಲಿ ಸೋರುತ್ತಿದೆ ಎಂದು ಹೇಳಬಲ್ಲವನಾಗಿದ್ದ. ಸೋಪಿನ ನೊರೆ ಹಚ್ಚಿ ನೋಡುವ ನಿಯಮದ ಪರೀಕ್ಷೆ ಅವನ ಮಾತನ್ನು ದೃಢಪಡಿಸಲಿಕ್ಕಷ್ಟೇ ಬೇಕಾಗುತ್ತಿತ್ತು. ಆ ವರ್ಷದ ಬೇಸಿಗೆಯಲ್ಲಿ, ನಾನೇ ಸಹಿ ಮಾಡಿದ ಕೆಲಸದ ಚೀಟಿ ಹಿಡಿದು ಅವನು ವ್ಯಾಗನ್ನಿನ ಅಡಿಗೆ ಹೋದ. ಜೊತೆಗಾರ ಸ್ಪ್ಯಾನರ್ ಬದಲಿಸುವಷ್ಟರಲ್ಲಿ ಡಿ.ವಿ. ಜಾರಿ ಅವನ ಬಲಭುಜದ ಮೇಲೆ ಬಿತ್ತು. ಮೂಳೆ ಕೂಡಿಕೊಂಡಿತು. ಆದರೆ ತೋಳು ಭುಜದ ಮಟ್ಟಕ್ಕಿಂತ ಮೇಲೆ ಏಳಲಿಲ್ಲ.

ಅವನಿಗೆ ಮೂರು ತಿಂಗಳ ಲಘು ಕೆಲಸ ಕೊಡಲಾಯಿತು. ಅದು ಮುಗಿದ ಮೇಲೆ ವೈದ್ಯಕೀಯ ಮಂಡಳಿ ಅವನನ್ನು ಪರೀಕ್ಷಿಸಿ, ಫಿಟ್ಟರ್ ಆಗಿ ಮುಂದುವರಿಯಬಹುದೇ ಎಂಬುದನ್ನು ತೀರ್ಮಾನಿಸತಕ್ಕದ್ದು. ಆಗದಿದ್ದಲ್ಲಿ ಅದೇ ಸಂಬಳದಲ್ಲಿ ಬೇರೆ ಊರಿನ ಕಚೇರಿಯಲ್ಲಿ ಕಡತ ಹೊರುವ ಕೆಲಸ. ಸಂಬಳಕ್ಕೆ ತೊಂದರೆಯಿಲ್ಲವಲ್ಲ ಎಂದು ನಾನು ಸಮಾಧಾನ ಹೇಳಿದಾಗ ಅವನು ಹೇಳಿದ ಮಾತು ಇಂದಿಗೂ ನೆನಪಿದೆ:

“ಇಪ್ಪತ್ತಾರು ವರ್ಸ ಗಾಳಿ ಸದ್ದು ಕೇಳ್ದ ಕಿವಿ ಸಾ ಇದು. ಇನ್ಮ್ಯಾಕೆ ಸಾಯೇಬ್ರ ಬೆಲ್ಲು ಕೇಳ್ಕಂಡು ಕೂತ್ಕಬೇಕಾ?”

ಅಂದಿನಿಂದ ನನಗೆ ಬೇರೆ ಯೋಚನೆ ಇರಲಿಲ್ಲ. ತೋಳನ್ನು ಸರಿಪಡಿಸುವುದು ನನ್ನ ಕೈಯಲ್ಲಿರಲಿಲ್ಲ, ಡಿ.ವಿ. ಇರುವ ಜಾಗವನ್ನು ಬದಲಿಸುವುದು ಒಂದು ಮಟ್ಟಿಗೆ ನನ್ನ ಕೈಯಲ್ಲಿತ್ತು.

ಉಪಾಯ ಸಿಕ್ಕಿದ್ದು ಗುಂಡ್ಲುಪೇಟೆಯಲ್ಲಿ, ಬಸ್ಸಿಗೆ ಕಾಯುವಾಗ. ಊಟಿ ಹಾಗೂ ಕೇರಳದ ಕಡೆಯ ಘಾಟಿಗೆ ಹೋಗುವ ಲಾರಿಗಳು ನಮ್ಮೂರಿನಲ್ಲಿ ನಿಂತು ಬ್ರೇಕಿನ ಗಾಳಿ ಟ್ಯಾಂಕಿನಲ್ಲಿ ಕೂಡಿದ ನೀರನ್ನು ಹೊರಬಿಡುವುದು ವಾಡಿಕೆ. ಹೆದ್ದಾರಿಯ ಬದಿಯಲ್ಲಿ ಲಾರಿ ರಿಪೇರಿ ಮಾಡುವ ಅಬು ಎಂಬವರು ಆ ದಿನ ಒಬ್ಬರೇ, ನಿಂತುಕೊಂಡೇ, ಒಂದು ಟ್ಯಾಂಕನ್ನು ಬಿಚ್ಚುತ್ತಿದ್ದರು. ಪಟ್ಟಿ ಕಳಚಿದರೂ ಟ್ಯಾಂಕು ಬೀಳಲಿಲ್ಲ. ಅದರ ಅಡಿಯಲ್ಲಿ ಬಾಗಿದ ಕಬ್ಬಿಣದ ಒಂದು ಆಸರೆಯಿತ್ತು. ನಮ್ಮ ಡಿ.ವಿ. ಬಿಚ್ಚುವ ಬಗೆಯನ್ನು ತಿಳಿಸಿ ನಾನು ವಿಚಾರಿಸಲಾಗಿ ಅವರು ಹೇಳಿದರು:

“ತೊಟ್ಟಿಲಲ್ಲಿ ಮಲಗಿದೆ ಸಾರೇ, ಎಲ್ಲಿಗೆ ಬೀಳೋದು? ನಿಮ್ಮ ರೈಲಲ್ಲಿ ಮನುಷ್ಯನ ಎದೆ ಮೇಲೆ ಯಾಕೆ ಬಿಚ್ಚೋದು ಇದನ್ನ?”

ಆ ವಾರವೇ ನಕ್ಷೆ ಬರೆದೆ. ಡಿ.ವಿ.ಯನ್ನು ವ್ಯಾಗನ್ನಿನ ಪಕ್ಕಕ್ಕೆ ತಂದು ಹೊರಮುಖವಾಗಿ, ಸೊಂಟದ ಎತ್ತರಕ್ಕೆ ಕೂರಿಸುವುದು. ಪೈಪುಗಳೆಲ್ಲವೂ ಹಿಂದಿನ ಬ್ರಾಕೆಟ್‌ಗೆ ಸೇರಿ, ವಾಲ್ವ್ ಮಾತ್ರ ಮುಂದಿನಿಂದ ಬಿಚ್ಚಿ ಬರುವಂತೆ ಮಾಡುವುದು. ನಟ್ಟು ಬಿಚ್ಚಿದ ಮೇಲೆ ಅದು ಕೂರಲು ಅಡಿಯಲ್ಲಿ ಅಬು ಅವರ ತೊಟ್ಟಿಲು. ರೈಲ್ವೆಯಲ್ಲಿ ಒಂದು ಬೋಲ್ಟಿನ ಜಾಗ ಬದಲಿಸಲೂ ಮೇಲಿನ ಮಂಜೂರಾತಿ ಬೇಕು. ಆರು ಪತ್ರಗಳನ್ನು ಬರೆದ ತರುವಾಯ ಒಂದು ವ್ಯಾಗನ್‌ನಲ್ಲಿ ಮಾದರಿಯನ್ನು ಅಳವಡಿಸಿ ನೋಡಲು ಅನುಮತಿ ದೊರೆಯಿತು. ಷರತ್ತು ಇಷ್ಟೇ: ಮೊದಲು ಗಾಳಿ ಸಂಪರ್ಕವಿಲ್ಲದ ಗುಜರಿ ವಾಲ್ವನ್ನೂ ಗುಜರಿ ಕಾಕನ್ನೂ ಕೂರಿಸಿ, ಜಲ್ಲಿ ಸುರಿಯುವಾಗ ಅವುಗಳಿಗೆ ಏನೂ ಆಗದೆಂದು ನಾನು ಲಿಖಿತವಾಗಿ ದೃಢೀಕರಿಸಬೇಕು.

ಮಾದಪ್ಪ ಆ ಮಾದರಿಯನ್ನು ಎಡಗೈಯಲ್ಲೇ ಬಿಚ್ಚಿ ಎಡಗೈಯಲ್ಲೇ ಕೂರಿಸಿ ತೋರಿಸಿದ. ಬಲಗೈಗೆ ಸ್ಪ್ಯಾನರ್ ಹಿಡಿದುಕೊಳ್ಳುವ ಕೆಲಸ ಮಾತ್ರ. ದೃಢೀಕರಣ ಪತ್ರವನ್ನು ನಾನು ಮುಂಚಿತವಾಗಿಯೇ ಟೈಪ್ ಮಾಡಿಸಿ, ಸಹಿಯ ಜಾಗವನ್ನಷ್ಟೇ ಖಾಲಿ ಬಿಟ್ಟಿದ್ದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗುತ್ತದೆ.

ಪರೀಕ್ಷೆಯ ದಿನ ವೈದ್ಯಕೀಯ ಮಂಡಳಿಗೆ ಹನ್ನೊಂದು ದಿನ ಉಳಿದಿತ್ತು. ಹಾಪರ್ ರೈಲು ನಡಿಗೆಯ ವೇಗದಲ್ಲಿ ಸಾಗುತ್ತಿರುತ್ತದೆ; ಅಡಿಯ ಬಾಗಿಲು ತೆರೆದಾಗ ಜಲ್ಲಿ ಹಳಿಯ ಎರಡೂ ಬದಿಗೆ ಸುರಿಯುತ್ತದೆ. ಗುತ್ತಿಗೆಯ ಗ್ಯಾಂಗಿನವರು ಮುಂದೆ ಹಾಗೂ ಪಕ್ಕದಲ್ಲಿ ನಡೆಯುತ್ತಾ ಅದನ್ನು ಸಲಿಕೆಯಿಂದ ಹರಡುತ್ತಾರೆ. ಆ ಗ್ಯಾಂಗಿನ ಹಿರಿಯಳು ಹರವೆಯ ಚಿಕ್ಕತಾಯಮ್ಮ. ನಾನು ಇಂಜಿನ್ನಿನ ಬಳಿ ಇದ್ದೆ. ಮಾದಪ್ಪ ಮಾದರಿಯ ಪಕ್ಕದಲ್ಲಿ ನಡೆಯುತ್ತಿದ್ದ. ಸುರಿದು ಮುಗಿದು ರೈಲು ನಿಂತ ಮೇಲೆ ನಾನು ಬಂದು ನೋಡಿದೆ. ವಾಲ್ವಿಗೆ ನಾಲ್ಕಾರು ಗೀರು ಬಿದ್ದಿದ್ದವು, ಅಷ್ಟೇ. ಕಾಕಿನ ಹಿಡಿಕೆ ನೆಟ್ಟಗಿತ್ತು. ನಾನು ಜೇಬಿನಿಂದ ಪೆನ್ನು ತೆಗೆದೆ.

ಚಿಕ್ಕತಾಯಮ್ಮ ಸಲಿಕೆಯನ್ನು ಜಲ್ಲಿಗೆ ಊರಿ ನಿಂತಿದ್ದಳು. ನನ್ನನ್ನು ನೋಡದೆ ಮಾದಪ್ಪನನ್ನು ಕೇಳಿದಳು:

“ಮಾದಪ್ಪಣ್ಣ, ಆ ಇಡಿಕೆ ಅಡ್ಡ ತಿರುಗಿತ್ತಲ್ಲ, ನೀನೇ ತಾನೆ ನೆಟ್ಟಗ್ ಮಾಡ್ಬುಟ್ಟಿದ್ದು?”

“ನಿನ್ ಕೆಲ್ಸ ನೋಡ್ಕೊ ಓಗಮ್ಮಿ.”

“ನನ್ ಕೆಲ್ಸವೇ ಕಣಣ್ಣ ಅದು. ಈ ಗಾಡಿ ಮುಂದ್ಗಡೆ ನಡೆಯೋಳು ನಾನು, ನೀನಲ್ಲ.”

ನಾನು ಮಾದಪ್ಪನ ಮುಖ ನೋಡಿದೆ. ಅವನು ಹಿಡಿಕೆಯನ್ನು ನೋಡುತ್ತಿದ್ದ. ಸುರಿಯುವಾಗ ಒಂದು ಕಲ್ಲು ಬಡಿದು ತಿರುಗಿತ್ತು ಎಂದ. “ಒಂದೇ ಒಂದ್ಸಲ ಸಾ. ಓಗ್ಲಿ ಬುಡಿ,” ಎಂದು ಸೇರಿಸಿದ.

ಆ ಕ್ಷಣದಲ್ಲಿ ನನ್ನ ಮನಸ್ಸೂ ಹಿಡಿಕೆಯನ್ನು ನೆಟ್ಟಗೆ ಮಾಡಿದ ಅವನ ಎಡಗೈಯ ಜೊತೆಗೇ ಇತ್ತು. ಗುಜರಿ ಕಾಕ್ ಸಡಿಲವಾಗಿದ್ದಿರಬಹುದು, ಹೊಸದಾದರೆ ಬಿಗಿಯಾಗಿರುತ್ತದೆ ಎಂಬ ಒಂದು ವಾಕ್ಯವೂ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಕಚೇರಿ ಭಾಷೆಯಲ್ಲಿ ಅಂಥ ವಾಕ್ಯಗಳು ಬೇಗ ಹುಟ್ಟುತ್ತವೆ. ಆದರೆ ಚಿಕ್ಕತಾಯಮ್ಮ ಅಲ್ಲೇ ನಿಂತಿದ್ದಳು. ಬ್ರೇಕ್ ಹಿಡಿಯದ ವ್ಯಾಗನ್ನಿನ ಮುಂದೆ ನಡೆಯಬೇಕಾದ ಕಾಲುಗಳು ಅವಳವು.

“ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತೇನೆ ಮಾದಪ್ಪ,” ಎಂದೆ.

“ಬರೀರಿ,” ಎಂದು ಅವನು ಹೋಗಿ ಜಲ್ಲಿಯ ಗುಡ್ಡೆಯ ಮೇಲೆ ಕುಳಿತ.

ಇಲ್ಲಿ ನನ್ನ ತಪ್ಪನ್ನು ಸ್ಪಷ್ಟವಾಗಿ ದಾಖಲಿಸಬೇಕು. ರಿಪೇರಿಯವರಾದ ನಾವು ವ್ಯಾಗನ್ನನ್ನು ನೋಡುವುದು ಅದು ಖಾಲಿಯಾಗಿ ನಿಂತಾಗ. ಮೂವತ್ತು ವರ್ಷಗಳಿಂದ ಹಾಗೆಯೇ ನೋಡಿದ ಕಣ್ಣು ನನ್ನದು. ನಕ್ಷೆಯಲ್ಲಿಯೂ ನಾನು ನಿಂತ ವ್ಯಾಗನ್ನನ್ನೇ ಬರೆದಿದ್ದೆ. ಚಲಿಸುತ್ತಾ ಸುರಿಯುವಾಗ ಕಲ್ಲು ಯಾವ ಕಡೆಗೆ ಚಿಮ್ಮುತ್ತದೆ ಎಂಬುದನ್ನು ಒಮ್ಮೆಯೂ ಪಕ್ಕದಲ್ಲಿ ನಡೆದು ನೋಡಿರಲಿಲ್ಲ. ಹಳೆಯ ಜಾಗ ಮನುಷ್ಯನಿಗೆ ಕೆಟ್ಟದ್ದಾಗಿತ್ತು. ಹೊಸ ಜಾಗ ಬ್ರೇಕಿಗೆ ಕೆಟ್ಟದ್ದಾಯಿತು.

ಊಟದ ಸಮಯವಾಯಿತು. ಮಾದಪ್ಪ ಏಳಲಿಲ್ಲ. ಚಿಕ್ಕತಾಯಮ್ಮ ವ್ಯಾಗನ್ನಿನ ತುದಿಗೆ ಹೋಗಿ ಕೈ ಚಾಚಿ ಒಂದೊಂದಾಗಿ ಬುತ್ತಿಯ ಗಂಟುಗಳನ್ನು ಇಳಿಸಿದಳು. ಒಂದನ್ನು ತಂದು ಮಾದಪ್ಪನ ಮುಂದಿಟ್ಟಳು. “ಕ್ವಾಪ ನನ್ ಮ್ಯಾಗಿರ್ಲಿ, ರೊಟ್ಟಿ ಮ್ಯಾಗ್ಯಾಕಣ್ಣ?” ಎಂದಳು. ಅವನು ತಲೆ ಎತ್ತದೆ ಗಂಟು ಬಿಚ್ಚಿದ.

ನಾನು ನೋಡುತ್ತಿದ್ದದ್ದು ಆ ಗಂಟಿನ ಬಟ್ಟೆಯನ್ನು. ನಮ್ಮೆಲ್ಲರ ತಲೆ, ಹುಬ್ಬು, ಅಂಗಿ ಕಲ್ಲಿನ ಪುಡಿಯಿಂದ ಬೂದಿ ಬಣ್ಣಕ್ಕೆ ತಿರುಗಿದ್ದವು. ಬಟ್ಟೆಯ ಮೇಲೆ ಪುಡಿ ಇಲ್ಲವೆನ್ನುವಷ್ಟು ಕಡಿಮೆ. ಅದು ಬೆಳಗಿನಿಂದಲೂ ಅದೇ ವ್ಯಾಗನ್ನಿನ ಮೇಲೆಯೇ ಇತ್ತು. ಎಲ್ಲಿಟ್ಟಿದ್ದಿರಿ ಎಂದು ಕೇಳಿದೆ. ಅವಳು ಎದ್ದು ಹೋಗಿ ತೋರಿಸಿದಳು. ಹಾಪರಿನ ಹೊಟ್ಟೆ ತುದಿಯಲ್ಲಿ ಇಳಿಜಾರಾಗಿ ಒಳಕ್ಕೆ ಬಾಗುತ್ತದೆ. ಆ ಇಳಿಜಾರಿನ ತಗಡಿನ ಕೆಳಗೆ, ವ್ಯಾಗನ್ನಿನ ಚೌಕಟ್ಟಿನ ಮೇಲೆ, ಸೂರಿನಡಿಯ ಜಗಲಿಯಂತೆ ಒಂದು ಖಾಲಿ ಜಾಗ.

“ನಮ್ಮತ್ತೆ ಕಾಲ್ದಿಂದ ಇಲ್ಲೇ ಮಡಗದು ಸಾ. ಬುತ್ತಿ ಮ್ಯಾಲೆ ಒಂದ್ ಕಲ್ಲೂ ಬಿದ್ದಿಲ್ಲ,” ಎಂದಳು.

ನಾನು ಅಲ್ಲಿಯೇ ಅಳತೆ ಪಟ್ಟಿ ತೆಗೆದೆ. ಎತ್ತರ ಎದೆಯ ಮಟ್ಟಕ್ಕಿಂತ ಕೆಳಗೆ. ಹೊರಗಿನಿಂದ ಒಬ್ಬ ಮನುಷ್ಯ ನಿಂತು ಕೆಲಸ ಮಾಡಬಹುದಾದಷ್ಟು ಎಡೆ. ಮಾದಪ್ಪ ರೊಟ್ಟಿ ಹಿಡಿದೇ ಬಂದು, ಪೈಪು ಉದ್ದವಾದರೆ ಗಾಳಿ ತಲುಪುವ ಹೊತ್ತು ಬದಲಾಗುವುದಿಲ್ಲವೇ ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಲೆಕ್ಕ ಮಾಡಿದೆವು, ಪರೀಕ್ಷೆಯಲ್ಲಿ ಅಳೆದು ತೋರಿಸಬೇಕಾದ ವಿಷಯ ಅದೆಂದು ಬರೆದುಕೊಂಡೆವು.

ಅಂದು ಸಂಜೆ ಟೈಪಾಗಿದ್ದ ಪತ್ರವನ್ನು ಹರಿದು ಹಾಕಿ ಬೇರೊಂದನ್ನು ಬರೆದೆ. ಪಕ್ಕದ ಜಾಗದಲ್ಲಿ ಹಿಡಿಕೆ ತಿರುಗಿದ್ದನ್ನೂ, ಅದನ್ನು ನನ್ನ ಸಿಬ್ಬಂದಿಯೇ ಸರಿಪಡಿಸಿದ್ದನ್ನೂ, ಆತ ಸ್ಥಳದಲ್ಲೇ ಒಪ್ಪಿಕೊಂಡದ್ದನ್ನೂ ನಮೂದಿಸಿ, ಮೊದಲ ನಕ್ಷೆಯನ್ನು ಹಿಂಪಡೆದು ಎರಡನೆಯದನ್ನು ಲಗತ್ತಿಸಿದೆ. ಮಾದಪ್ಪನ ಹೆಸರನ್ನೂ ಬರೆದೆ. ಮೇಲಧಿಕಾರಿಗಳು ದೂರವಾಣಿಯಲ್ಲಿ ಅರ್ಧ ಗಂಟೆ ಗದರಿಸಿದರು. ಮಾದಪ್ಪನಿಗೆ ಲಿಖಿತ ಎಚ್ಚರಿಕೆ ಬಂದಿತು. ಐದನೆಯ ದಿನ ಎರಡನೆಯ ನಕ್ಷೆಗೆ ಪ್ರಾಯೋಗಿಕ ಅನುಮತಿಯೂ ಬಂದಿತು.

ತುದಿಯ ಜಾಗದಲ್ಲಿ ಮೊದಲು ಗುಜರಿ ವಾಲ್ವನ್ನು ಕೂರಿಸಿ ಮೂರು ಬಾರಿ ಜಲ್ಲಿ ಸುರಿಸಿದೆವು. ಈ ಸಲ ನಾನೂ ಪಕ್ಕದಲ್ಲೇ ನಡೆದೆ. ಹಿಡಿಕೆಯನ್ನು ಕಾಯಲು ಚಿಕ್ಕತಾಯಮ್ಮನನ್ನೇ ಕೇಳಿಕೊಂಡೆ. ಅದು ಅಲುಗಲಿಲ್ಲ. ಮಂಡಳಿಗೆ ಎರಡು ದಿನವಿರುವಾಗ ನಿಜವಾದ ಡಿ.ವಿ. ಕೂರಿಸಿ ಗಾಳಿ ತುಂಬಿಸಿದೆವು. ಬ್ರೇಕು ಹಿಡಿಯುವ ಮತ್ತು ಬಿಡುವ ಹೊತ್ತು ಎರಡೂ ನಿಯಮದ ಮಿತಿಯೊಳಗಿದ್ದವು.

ಮೇಲಧಿಕಾರಿಗಳು ಸ್ವತಃ ಬಂದು ಗಡಿಯಾರ ಹಿಡಿದು ನಿಂತರು. ಮಾದಪ್ಪ ಕಾಕ್ ಮುಚ್ಚಿದ, ಗಾಳಿ ಹೊರಬಿಟ್ಟ, ನಟ್ಟು ಬಿಚ್ಚಿದ. ಡಿ.ವಿ. ತೊಟ್ಟಿಲಿಗೆ ಇಳಿಯಿತು. ಅದನ್ನು ಪಕ್ಕದ ಹಲಗೆಗೆ ಸರಿಸಿ, ಹೊಸದನ್ನು ತೊಟ್ಟಿಲಿಗೆ ಜಾರಿಸಿ, ಗಾಳಿ ಸೋರದಂತೆ ನಡುವೆ ಗ್ಯಾಸ್ಕೆಟ್ ಇಟ್ಟು ಬಿಗಿದ. ಬಲತೋಳು ಒಮ್ಮೆಯೂ ಭುಜದ ಮೇಲಕ್ಕೆ ಹೋಗಲಿಲ್ಲ. ಇಪ್ಪತ್ತೆರಡು ನಿಮಿಷ, ಒಬ್ಬನೇ ಮನುಷ್ಯ. ಗಾಳಿ ಐದು ಕಿಲೋಗೆ ಏರಿದಾಗ ಅವನು ಕಿವಿ ಹಚ್ಚಿ ಕಣ್ಣು ಮುಚ್ಚಿದ. “ಇಲ್ಲ,” ಎಂದ. ಅಧಿಕಾರಿಗಳು ಸೋಪಿನ ನೊರೆ ಹಚ್ಚಿಸಿದರು. ಒಂದು ಗುಳ್ಳೆಯೂ ಏಳಲಿಲ್ಲ.

ಆ ದಿನದ ವರದಿ ಮಂಡಳಿಯ ಮುಂದೆ ಹೋಯಿತು. ತೋಳನ್ನು ಭುಜಕ್ಕಿಂತ ಮೇಲೆತ್ತುವ ಕೆಲಸವನ್ನು ಹೊರತುಪಡಿಸಿ ಮಾದಪ್ಪ ಫಿಟ್ಟರ್ ಆಗಿಯೇ ಮುಂದುವರಿಯತಕ್ಕದ್ದೆಂದು ಆದೇಶವಾಯಿತು. ಅವನು ಕೆಲಸ ಮಾಡಬಹುದಾದ ವ್ಯಾಗನ್ ಆಗ ಇದ್ದದ್ದು ಒಂದೇ. ಮರುವರ್ಷ ನಾನು ನಿವೃತ್ತನಾಗುವಷ್ಟರಲ್ಲಿ ಒಂಬತ್ತಾಗಿದ್ದವು; ಅವುಗಳಲ್ಲಿ ಎಂಟರ ಬ್ರಾಕೆಟ್ಟನ್ನು ಕೂರಿಸಿದವನು ಅವನೇ.

ಇನ್ನೊಂದು ಸಂಗತಿ ಉಳಿದಿದೆ. ಎರಡನೆಯ ನಕ್ಷೆಯಲ್ಲಿ ನಾನು ಡಿ.ವಿ.ಯ ಆಚೆ ಬದಿಗೆ, ಅದೇ ಸೂರಿನಡಿಯಲ್ಲಿ, ಕಬ್ಬಿಣದ ಪಟ್ಟಿಯ ಒಂದು ಚಿಕ್ಕ ಅಟ್ಟಣಿಗೆಯನ್ನು ಸೇರಿಸಿದ್ದೆ. ಅಂತಿಮ ಮಂಜೂರಾತಿಗೆ ಮುನ್ನ ಅದರ ಬಗ್ಗೆ ವಿವರಣೆ ಕೇಳಿ ಪತ್ರ ಬಂದಿತು: ಕ್ರಮಸಂಖ್ಯೆ ಏಳರ ಭಾಗವು ಬ್ರೇಕಿನ ಯಾವ ಕಾರ್ಯಕ್ಕೆ ಸಂಬಂಧಿಸಿದೆ?

ಸೇವೆಯಲ್ಲಿ ನಾನು ಬರೆದ ಪತ್ರಗಳಲ್ಲಿ ಎರಡನೆಯ ಕರಡು ಬೇಕಾಗದ ಪತ್ರ ಅದೊಂದೇ. ನನ್ನ ವೃತ್ತಿ ನನಗೆ ಕಲಿಸಿದ್ದು ಅದರಲ್ಲಿಯೇ ಇರುವುದರಿಂದ ಯಥಾವತ್ತಾಗಿ ಕೊಡುತ್ತಿದ್ದೇನೆ:

“ಸದರಿ ಭಾಗವು ಗ್ಯಾಂಗಿನ ಕೆಲಸಗಾರರು ಬುತ್ತಿ ಇಡುವುದಕ್ಕಾಗಿದೆ. ಡಿ.ವಿ.ಯನ್ನು ಅಳವಡಿಸಿರುವ ಜಾಗವು ಮೊದಲಿನಿಂದಲೂ ಅವರ ಬಳಕೆಯಲ್ಲಿದ್ದು, ಅದು ಸುರಕ್ಷಿತವೆಂದು ನಮಗಿಂತ ಮೊದಲು ಕಂಡುಕೊಂಡವರು ಅವರೇ ಆಗಿರುತ್ತಾರೆ. ಆದುದರಿಂದ ಅವರಿಗೂ ಅಲ್ಲಿ ಸ್ಥಳ ಉಳಿಸತಕ್ಕದ್ದೆಂದು ಕೋರಲಾಗಿದೆ.”

ಮಂಜೂರಾಗಿ ಬಂದ ನಕ್ಷೆಯಲ್ಲಿ ಕ್ರಮಸಂಖ್ಯೆ ಏಳನ್ನು ಯಾರೂ ಹೊಡೆದುಹಾಕಿರಲಿಲ್ಲ.