ನಾಲ್ಕನೇ ಟೋಕನ್ ಯಾರದ್ದು?

‘ಅಣ್ಣಾ, ನಾ ಮಾಡಿದ ಫೈಲು ನನಗ ಓಪನ್ ಆಗವಲ್ದು. ಓನರ್ ಸೆಂಥಿಲ್ ಅಂತ ತೋರಸ್ತದ!’

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ವಿದ್ಯಾ ನನ್ನ ಟೇಬಲ್ ಮುಂದೆ ನಿಂತಿದ್ದಳು. ವಡಪಳನಿಯ ನಮ್ಮ ಸಣ್ಣ ಸೌಂಡ್ ಸ್ಟುಡಿಯೋದಲ್ಲಿ ಎಡಿಟರ್. ಧಾರವಾಡದ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಮೈಲಾಪುರ. ನಾನು ಸ್ಟುಡಿಯೋದ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ನಾನೇನಂದೆ ಗೊತ್ತಾ?

‘ಪಾಸ್‌ವರ್ಡ್ ಸರಿ ಹಾಕಿದ್ಯಾ ಮಾರಾಯ್ತಿ?’

(ನಮ್ಮ ಕಸುಬಿನವರ ಬಾಯಲ್ಲಿ ಮೊದಲು ಬರುವ ಮಾತೇ ಇದು.)

ಅವಳ ಗಾಬರಿಗೆ ಕಾರಣವಿತ್ತು. ನಮ್ಮ ಮ್ಯಾನೇಜರ್ ಸಿನಿಮಾದ ಟೈಟಲ್‌ಗೆ ಹೆಸರುಗಳ ಪಟ್ಟಿ ಮಾಡುವುದು ಫೈಲಿನ ಓನರ್ ಕಾಲಂ ನೋಡಿಯೇ. (ಯಾರನ್ನೂ ಕೇಳುವ ರಗಳೆ ಇಲ್ಲ ನೋಡಿ!) ಅಂದು ಬೆಳಿಗ್ಗೆಯೇ ಪಟ್ಟಿ ಎಲ್ಲರಿಗೂ ಮೇಲ್ ಆಗಿತ್ತು. ಸೌಂಡ್ ಎಡಿಟರ್: ಸೆಂಥಿಲ್. ಸಂಜೆ ಐದಕ್ಕೆ ಟೈಟಲ್ ಫೈನಲ್. ಅದು ವಿದ್ಯಾಳ ಮೊದಲ ಸಿನಿಮಾ, ಏಳು ತಿಂಗಳ ಕೆಲಸ.

ಆಗ ನೆನಪಾಯಿತು. ಭಾನುವಾರ ಹಳೆ ಸರ್ವರ್‌ನಿಂದ ಹೊಸದಕ್ಕೆ ಫೈಲುಗಳನ್ನೆಲ್ಲ ಸಾಗಿಸಿದವನು ನಾನೇ ಅಲ್ಲವೇ?

ಸ್ವಲ್ಪ ತಾಳ್ಮೆಯಿಂದ ಕೇಳಿ. ವಿಂಡೋಸ್ ಪ್ರತಿಯೊಬ್ಬರಿಗೂ ಒಂದು ಮಾರುದ್ದದ ನಂಬರ್ ಕೊಡುತ್ತದೆ. ಎಸ್‌ಐಡಿ ಅಂತ ಹೆಸರು. ಒಬ್ಬರದ್ದು ಇನ್ನೊಬ್ಬರಿಗಿಲ್ಲ. ನಮ್ಮ ಫೈಲುಗಳಿರುವ ಲಿನಕ್ಸ್ ಸರ್ವರ್‌ಗೆ ಅಷ್ಟುದ್ದದ್ದು ಆಗಿಬರುವುದಿಲ್ಲ, ಪುಟ್ಟ ನಂಬರೇ ಬೇಕು. ಹಾಗಾಗಿ ಈ ಉದ್ದದ್ದಕ್ಕೆ ಆ ಪುಟ್ಟದ್ದು ಅಂತ ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ. ಡಾಕ್ಟರ ಶಾಪಿನ ಟೋಕನ್ ಥರ, ಬಂದವರಿಗೆ ಬಂದ ಹಾಗೆ. (ಗ್ರೂಪುಗಳಿಗೂ ಇದೇ ಕಥೆ.) ಫೈಲಿನ ಮೇಲೆ ಇರುವುದು ಟೋಕನ್ ನಂಬರ್ ಮಾತ್ರ, ಹೆಸರಲ್ಲ.

ನಾನು ಫೈಲುಗಳನ್ನು ತಂದೆ, ಪಟ್ಟಿಯನ್ನು ಮರೆತೆ! ಹೊಸ ಸರ್ವರ್ ಸೋಮವಾರ ಮತ್ತೆ ಒಂದರಿಂದ ಟೋಕನ್ ಹಂಚಿತು. ಹಳೆಯದರಲ್ಲಿ ವಿದ್ಯಾಳದ್ದು ನಾಲ್ಕು. ಹೊಸದರಲ್ಲಿ ನಾಲ್ಕನೆಯವನಾಗಿ ಲಾಗಿನ್ ಆದವನು ಅವಳ ಪಕ್ಕದ ಕುರ್ಚಿಯ ಸೆಂಥಿಲ್.

ಹಳೆ ಸರ್ವರ್ ಮೂಲೆಯಲ್ಲಿತ್ತು. ಆನ್ ಮಾಡಿದೆ. ಅದು ಏಳುವವರೆಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಎರಡು ಕಾಫಿ ಕುಡಿದೆ. ಗಡಿಯಾರ ನೋಡಿದೆ. ಮತ್ತೆ ನೋಡಿದೆ. ಡಿಸ್ಕ್ ಎದ್ದೇಳದಿದ್ದರೆ ಈ ಹುಡುಗಿಗೆ ಯಾವ ಮುಖ ತೋರಿಸಲಿ? ಅಂತೂ ಟೋಕನ್ ಪಟ್ಟಿ ಸಿಕ್ಕಿತು, ತಂದು ಹಾಕಿದೆ, ಹೆಸರುಗಳು ಅವರವರಿಗೆ ಮರಳಿದವು.

ಬೆಳಿಗ್ಗೆಯ ಪಟ್ಟಿ ತಪ್ಪು ಅಂದರೆ ಮ್ಯಾನೇಜರ್ ಒಪ್ಪಬೇಕಲ್ಲ! ‘ಸಿಸ್ಟಮ್ ಪೊಯ್ ಸೊಲ್ಲುಮಾ ಸಾರ್?’ ಅಂದರು. ಸಿಸ್ಟಮ್ ಸುಳ್ಳು ಹೇಳುತ್ತದಾ ಅಂತ. ತಪ್ಪು ನನ್ನದೇ ಎಂದು ಎಲ್ಲರಿಗೂ ಮೇಲ್ ಹಾಕಿದೆ. ನಾಚಿಕೆಯಾಯಿತು, ನಿಜ. ನಾಲ್ಕೂಮುಕ್ಕಾಲಿಗೆ ಟೈಟಲ್ ಪಟ್ಟಿಯಲ್ಲಿ ವಿದ್ಯಾಳ ಹೆಸರು ಬಂತು.

ಉಸ್ಸೆಂದು ಕೂತೆ. ಬ್ಯಾಗ್ ಏರಿಸಿ ಹೊರಟ ವಿದ್ಯಾ ನನ್ನ ಟೇಬಲ್ ಹತ್ತಿರ ನಿಂತಳು.

‘ಅಣ್ಣಾ, ಮುಂಜಾನಿ ಆ ಮೇಲ್ ಸೆಂಥಿಲ್‌ಗೂ ಬಂದಿತ್ತಲ್ಲ? ಏಳ್ ತಿಂಗಳು ನನ್ನ ಬಾಜೂಕ ಕೂತಾರ. ಇದು ನಂದಲ್ಲ ಅಂತ ಒಂದ್ ಮಾತು ಯಾಕ ಅನ್ಲಿಲ್ಲ?’

ಇದನ್ನು ಸರಿಮಾಡುವ ಕಮಾಂಡ್ ಯಾವುದು, ನಿಮಗಾದರೂ ಗೊತ್ತಾ?