ಬಜ್ಪೆಯಲ್ಲಿ ನಿಂತ ವಿಮಾನ, ತಾಯಿ ಕೊಟ್ಟ ಪ್ರಸಾದ

2007ರ ಮಳೆಗಾಲ. ತುಂಬು ಗರ್ಭಿಣಿಯಾಗಿದ್ದ ನನ್ನ ಅಕ್ಕನನ್ನು ರಕ್ತಸ್ರಾವವಾಗಿ ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದ್ದರು. ಸ್ರಾವ ಸದ್ಯಕ್ಕೆ ನಿಂತಿತ್ತು. ಮತ್ತೆ ಶುರುವಾದರೆ ತಕ್ಷಣ ಆಪರೇಷನ್ ಆಗಬೇಕಿತ್ತು. ಅವಳದು ಓ ನೆಗೆಟಿವ್ ರಕ್ತ. ಸುತ್ತಮುತ್ತ ಎಲ್ಲೂ ಸಿಕ್ಕಿರಲಿಲ್ಲ. ಮನೆಯಲ್ಲಿ ಅದೇ ಗುಂಪಿನವಳು ನಾನೊಬ್ಬಳೇ, ಮಂಗಳೂರಿನ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತಿದ್ದೆ.

ಅವ್ವ ಫೋನಿನಲ್ಲಿ ಅಳುತ್ತಿದ್ದಳು. “ಬ್ಯಾಗ ಬಾ ಕಣವ್ವ. ಊರ ಮಾರಮ್ಮಗೆ ಹೇಳ್ಕಂಡೀನಿ. ಅಕ್ಕ ಮಗಿನ ಮಕ ನೋಡಾಗಂಟ ನೀನೂ ಬಾಯಿಗೆ ಏನೂ ಹಾಕ್ಬ್ಯಾಡ.”

ಹೆರಿಗೆ ಕಷ್ಟಕ್ಕೆ ಬಂದರೆ ತಾಯಿ, ಒಡಹುಟ್ಟಿದ ಹೆಣ್ಣುಮಕ್ಕಳು ಹೀಗೆ ಉಪವಾಸ ಹಿಡಿಯುವುದು ದುರ್ಗದ ಕಡೆಯ ಹರಿಯಬ್ಬೆಯ ನಮ್ಮ ಮನೆಯ ನಡಾವಳಿ. ನಾನೂ ಹಿಡಿದೆ. ರಕ್ತ ಕೊಡಬೇಕಾದವಳು ಹಸಿದಿರಬಾರದು ಎಂಬುದು ಆ ಹೊತ್ತಿನಲ್ಲಿ ಇಬ್ಬರಿಗೂ ಹೊಳೆಯಲಿಲ್ಲ.

ಗುಡ್ಡ ಕುಸಿದು ಘಾಟಿ ರಸ್ತೆ ಮುಚ್ಚಿತ್ತು. ಉಳಿದ ದಾರಿ ಬಜ್ಪೆ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿಗೆ ಹೋಗುವ ಸಣ್ಣ ವಿಮಾನ. ನಕ್ಷೆಯಲ್ಲಿ ಎರಡೂ ಊರಿನ ನಡುವೆ ಒಂದು ಗೇಣೂ ಇರಲಿಲ್ಲ. ಆಕಾಶದಲ್ಲಿ ಒಂದು ಗಂಟೆಗೂ ಕಡಿಮೆ ಹಾದಿ. ಅಲ್ಲಿಂದ ಬಸ್ಸು ಹಿಡಿದರೆ ಸಂಜೆಯೊಳಗೆ ದುರ್ಗ.

ಮರುದಿನ ಬೆಳಿಗ್ಗೆ ಮೋಡ ರನ್‌ವೇ ಮೇಲೇ ಕೂತಿತ್ತು. ವಿಮಾನ ಏಳಲಿಲ್ಲ. “ಇನ್ನೂ ತಡವಾಗುತ್ತದೆ” ಎಂದು ಮತ್ತೆ ಮತ್ತೆ ಹೇಳಿದರು. ಬೂತಿನಿಂದ ಭಾವನಿಗೆ ಫೋನ್ ಮಾಡಿದೆ.

“ಎಲ್ಲಿಗೆ ಬಂದೆ?”

“ಬಜ್ಪೆಯಲ್ಲೇ ಇದ್ದೇನೆ.”

ಫೋನ್ ಇಟ್ಟೆ. ನಾನು ಗೋಡೆಯತ್ತ ತಿರುಗಿ ಕಣ್ಣುಮುಚ್ಚಿದೆ. ತಾಯೀ ಮಾರಮ್ಮ, ಈ ವಿಮಾನ ಎಬ್ಬಿಸು. ಒಬ್ಬಳು ಬೇಕೇ ಬೇಕು ಅಂದರೆ ನನ್ನನ್ನು ಕರೆದುಕೋ, ಅವಳನ್ನು ಬಿಡು. ತಲೆ ಸುತ್ತಿ ಅಲ್ಲೇ ಕುಸಿದು ಕೂತೆ.

“ಯಾಕವ್ವ, ಮಕ ಹಂಗೆ ಬಿಳುಚ್ಕಂಡೈತೆ?” ಪಕ್ಕದಲ್ಲಿ ಒಬ್ಬ ಅಜ್ಜಿ. “ಇಮಾನ ನೋಡು, ಮಳ್ಯಾಗೆ ಎಮ್ಮೆ ನಿಂತಂಗೆ ನಿಂತೈತೆ!”

ನಮ್ಮ ಕಡೆಯ ಮಾತು. ದುರ್ಗದ ಹತ್ತಿರದ ತಾಳ್ಯದವರಂತೆ. ಕರಾವಳಿಯ ದೇವಿಯ ದೇವಸ್ಥಾನಕ್ಕೆ ಬಂದು, ಹುಬ್ಬಳ್ಳಿಯ ಮಗಳ ಮನೆಗೆ ಹೊರಟಿದ್ದರು. ಅಪರಿಚಿತರ ಹತ್ತಿರ ಮನೆಯ ವಿಷಯ ಎತ್ತುವವಳಲ್ಲ ನಾನು, ಅವತ್ತು ಎಲ್ಲ ಹೇಳಿಬಿಟ್ಟೆ. ಅವರು ಬಾಳೆಲೆಯ ಪೊಟ್ಟಣ ಬಿಚ್ಚಿ ಪಂಚಕಜ್ಜಾಯ ಕೈಗಿಟ್ಟರು.

“ಉಪವಾಸ, ಅಜ್ಜಿ.”

“ಪರಸಾದಕ್ಕೆ ಎಲ್ಲೀದೇ ಉಪಾಸ? ತಾಯಿ ತಾನೇ ಬಾಯಿಗಿಡಾಕೆ ಬಂದ್ರೆ ಬ್ಯಾಡ ಅಂಬ್ತೀಯಾ?”

ತಿಂದೆ. ಆಮೇಲೆ ಬಾಳೆಹಣ್ಣು, ಅವಲಕ್ಕಿ. “ಇವೂ ದೇವ್ರ ಮುಂದೆ ಇಟ್ಟವೇ, ತಿನ್ನು” ಎಂದು ನೀರು ಕುಡಿಸಿ, ಉಳಿದದ್ದನ್ನು ದಾರಿಗೆ ಕಟ್ಟಿಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ಮೋಡ ಸರಿದು ವಿಮಾನ ಎದ್ದಿತು. ಹುಬ್ಬಳ್ಳಿಯಲ್ಲಿ ಆಟೊ, ಬಸ್ಸು. ದಾವಣಗೆರೆ ದಾಟುವಾಗ ಮತ್ತೆ ಕಣ್ಣು ಕತ್ತಲಿಟ್ಟಿತು. ಪೊಟ್ಟಣ ಬಿಚ್ಚಿ ಪೂರ್ತಿ ತಿಂದೆ.

ನಾನು ಆಸ್ಪತ್ರೆ ಮುಟ್ಟಿದಾಗ ಅಕ್ಕನಿಗೆ ಸ್ರಾವ ಮತ್ತೆ ಶುರುವಾಗಿತ್ತು. ರಕ್ತ ಪರೀಕ್ಷೆ ಮಾಡಿದ ಡಾಕ್ಟರಮ್ಮ ಕೇಳಿದರು: “ಹೊಟ್ಟೆಗೆ ಏನಾದ್ರೂ ತಗೊಂಡಿದ್ದೀಯೇನಮ್ಮ? ಉಪವಾಸ ಇದ್ದರೆ ನಾನು ರಕ್ತ ತೆಗೆಯಲ್ಲ.”

ಅವ್ವ ಪಕ್ಕದಲ್ಲೇ ಇದ್ದಳು. ನನ್ನನ್ನೂ ಉಪವಾಸ ಹಿಡಿಸಿ ಏನು ಮಾಡಿಬಿಟ್ಟಿದ್ದಳೆಂದು ಆಗ ಅವಳಿಗೆ ಗೊತ್ತಾಯಿತು.

“ಪ್ರಸಾದ ತಿಂದಿದ್ದೇನೆ, ಹೊಟ್ಟೆ ತುಂಬ” ಎಂದೆ.

ರಕ್ತ ಕೊಟ್ಟೆ, ಆಪರೇಷನ್ ಆಯಿತು. ಅಕ್ಕ ಉಳಿದಳು, ಹೆಣ್ಣುಮಗು ಉಳಿಯಿತು. ಬಂಧುಗಳೇ, ನಾನು ಬೇಡಿದ್ದು ವಿಮಾನ. ನನಗೇನು ಬೇಕಿತ್ತೆಂದು ತಿಳಿದಿದ್ದವಳು ತಾಯಿ. ವಿಮಾನ ತಡೆದು ನಿಲ್ಲಿಸಿ ನನಗೆ ಉಣಿಸಿದಳೆಂದೇ ಇವತ್ತಿಗೂ ನಂಬಿದ್ದೇನೆ. ಅವಳ ಪಾದಕ್ಕೆ ಶರಣು.

ಈಗ ನಮ್ಮ ಮನೆಯಲ್ಲಿ ಯಾರು ಹರಕೆಯ ಉಪವಾಸ ಹಿಡಿದರೂ ಅವ್ವ ಮೊದಲು ಬೆಲ್ಲ, ಕೊಬ್ಬರಿ ಕೈಗಿಡುತ್ತಾಳೆ. “ಪರಸಾದ ಕಣವ್ವ. ತಿಂದು ಉಪಾಸ ಇರು.”