ಮುಖ ಕಾಣುವ ಬೆಂಚು

ಕಾರು ಕಲಿಸುವುದು ಅವನ ಕಸುಬು. ಬೀದಿಗೆಲ್ಲ ಅವನು ಡ್ರೈವಿಂಗ್ ಮೇಷ್ಟ್ರು. ಹೊಸಬರು ಸ್ಟಿಯರಿಂಗ್ ಹಿಡಿದಾಗ ಪಕ್ಕದಲ್ಲಿ ಕೂತ ಅವನ ಕಾಲು ಸದಾ ತನ್ನ ಕಡೆಯ ಬ್ರೇಕಿನ ಮೇಲೆಯೇ. ಇಂಥ ಮನುಷ್ಯನಿಗೆ ಮಗಳ ಕಾಲೇಜಿನ ಚಿಂತೆ ಅಂಟಿಕೊಂಡ ಮೇಲೆ ಕೇಳಬೇಕೆ? ಊಟ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ.

ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಮಗಳ ಕಿವಿ ಕೇಳಿಸದಂತೆ ಮಾಡಿಬಿಟ್ಟಿತ್ತು. ಎದುರಿನವರ ತುಟಿ ನೋಡಿಯೇ ಅವಳು ಮಾತು ತಿಳಿಯುತ್ತಿದ್ದಳು. ಶಾಲೆಯಲ್ಲಿ ಎಲ್ಲರೂ ಗುರುತಿನವರು, ಹೇಗೋ ನಡೆದುಹೋಯಿತು. ಈಗ ರಸಾಯನಶಾಸ್ತ್ರವನ್ನೇ ಓದಬೇಕೆಂದು ಹಟ ಹಿಡಿದಿದ್ದಳು.

ಮೊಬೈಲಿನಲ್ಲಿ ಕಾಲೇಜುಗಳನ್ನು ನೋಡಿ ನೋಡಿ ಅವನ ಕಣ್ಣು ಕೆಂಪಾದವು. ಎಲ್ಲ ಕಡೆಯೂ ಹಸಿರು ಹುಲ್ಲು, ಬಿಳಿ ಕೋಟು, ನಗುವ ಮುಖಗಳು. ಪಾಠ ಮಾಡುವವರು ಯಾವ ಕಡೆ ಮುಖ ಮಾಡಿ ನಿಲ್ಲುತ್ತಾರೆಂದು ಮಾತ್ರ ಯಾರೂ ಬರೆದಿರಲಿಲ್ಲ. ಕಾರು ಕಲಿಯಲು ಬಂದವರನ್ನೆಲ್ಲ ವಿಚಾರಿಸಿದ. ಒಬ್ಬರು ಹೊಗಳಿದ ಕಾಲೇಜನ್ನು ಇನ್ನೊಬ್ಬರು ತೆಗಳಿದರು. ಒಬ್ಬಳಂತೂ ಉತ್ತರ ಹೇಳುವ ಭರದಲ್ಲಿ ಕಾರನ್ನು ಫುಟ್‌ಪಾತಿಗೆ ಹತ್ತಿಸಿದಳು.

ಅಪ್ಪ ಮಗಳು ಮೊದಲು ಮನೆಯ ಹತ್ತಿರದ ಕಾಲೇಜಿಗೆ ಹೋದರು. ಪ್ರಿನ್ಸಿಪಾಲರು ಬಲು ಒಳ್ಳೆಯವರು. ಕೂರಿಸಿ ಮಾತಾಡಿಸಿದರು, ಯೋಚನೆಯೇ ಬೇಡ, ನಮ್ಮ ಮನೆಮಗಳ ಹಾಗೆ ನೋಡಿಕೊಳ್ಳುತ್ತೇವೆ ಎಂದರು. ಅವನ ಎದೆ ಹಗುರಾಯಿತು. ಗೇಟು ದಾಟಿದ ಮೇಲೆ ಮಗಳು ಕೇಳಿದಳು:

"ಅವ್ರು ಏನಂದ್ರು ಅಪ್ಪ?"

ಪ್ರಿನ್ಸಿಪಾಲರು ಅಷ್ಟು ಹೊತ್ತೂ ಅವನ ಕಡೆಗೇ ತಿರುಗಿ ಮಾತಾಡಿದ್ದರು. ಅದು ಅವನಿಗೂ ಹೊಳೆದಿರಲಿಲ್ಲ. ಹಗುರಾದ ಎದೆ ಮತ್ತೆ ಭಾರವಾಯಿತು.

ಎರಡನೆಯ ಕಾಲೇಜು ಊರಾಚೆ. ಬಸ್ಸು ಬದಲಾಯಿಸಿ ಹೋಗಬೇಕು. ಅಲ್ಲಿಯ ರಸಾಯನಶಾಸ್ತ್ರದ ಮೇಡಂ ನಗಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಮಗಳ ಮುಖ ನೋಡಿಕೊಂಡೇ ಹೇಳಿದರು: "ನಿನ್ನಂಥ ವಿದ್ಯಾರ್ಥಿ ನನಗೆ ಇದುವರೆಗೂ ಸಿಕ್ಕಿಲ್ಲಮ್ಮ. ಆಗುತ್ತೆ ಅಂತ ಮಾತು ಕೊಡಕ್ಕಾಗಲ್ಲ. ಈಗ ನನ್ನ ಕ್ಲಾಸಿದೆ, ಕೂತು ನೋಡು."

ಅವನು ಬಾಗಿಲಿನ ಗಾಜಿನಿಂದ ಇಣುಕುತ್ತಾ ಹೊರಗೆ ನಿಂತ. ಮೇಡಂ ಸ್ವಲ್ಪ ಹೊತ್ತು ಎದುರು ನಿಂತು ಪಾಠ ಮಾಡಿದರು. ಆಮೇಲೆ ಮರೆತು, ಬೋರ್ಡಿನ ಕಡೆ ತಿರುಗಿ ಬರೆಯುತ್ತಲೇ ಮಾತು ಮುಂದುವರಿಸಿದರು. ಮಗಳು ಮೊದಲ ಬೆಂಚಿನಿಂದ ಕೈ ಎತ್ತಿದಳು. ಮೇಡಂ ನೋಡಲಿಲ್ಲ. ಅವಳು ಎದ್ದು ನಿಂತಳು. ಇಡೀ ಕ್ಲಾಸು ಅವಳನ್ನೇ ನೋಡಿತು. ಹೊರಗೆ ನಿಂತವನಿಗೆ ಒಳಗೆ ನುಗ್ಗಿ ಕರೆದುಕೊಂಡು ಹೋಗಿಬಿಡೋಣ ಎನಿಸಿತು. ಅಷ್ಟರಲ್ಲಿ ಮೇಡಂ ತಿರುಗಿ, ಆಡಿದ್ದನ್ನೆಲ್ಲ ಮೊದಲಿನಿಂದ ಹೇಳಿದರು. ಮಗಳು ಕೂತು ಬರೆದುಕೊಂಡಳು. ಗಂಟೆ ಹೊಡೆಯುವುದರೊಳಗೆ ಇನ್ನೊಮ್ಮೆಯೂ ಹಾಗೆಯೇ ಆಯಿತು.

ಬಸ್ ನಿಲ್ದಾಣದಲ್ಲಿ ಮಗಳು, "ನಾನು ಇಲ್ಲೇ ಸೇರ್ತೀನಿ," ಎಂದಳು.

"ದಿನಾ ಹಿಂಗೇ ಎದ್ದು ನಿಲ್ಬೇಕಾಗುತ್ತಲ್ಲ ಪುಟ್ಟಿ?"

"ನಿಲ್ತೀನಿ. ನಿಂತ್ರೆ ಅವ್ರು ತಿರುಗ್ತಾರಲ್ಲ."

ಹತ್ತಿರದ ಕಾಲೇಜೇ ವಾಸಿ ಎಂದು ಮನೆಯಲ್ಲಿ ಹೆಂಡತಿಯ ಮುಂದೆ ಗೊಣಗಿದ. ಓದುವವಳು ಅವಳು, ನೀವಲ್ಲ ಎಂದು ಹೆಂಡತಿ ಬಾಯಿ ಮುಚ್ಚಿಸಿದಳು.

ಮಗಳು ಸೇರಿದಳು. ಮೊದಲ ಪರೀಕ್ಷೆಯಲ್ಲಿ ನೆಲಕಚ್ಚಿದಳು. ಬೇರೆ ಉಪನ್ಯಾಸಕರು ಎಲ್ಲರೂ ಆ ಮೇಡಂ ಹಾಗಿರಲಿಲ್ಲ. ಒಬ್ಬರು ಅವಳು ಎದ್ದು ನಿಂತರೆ ಸಿಡುಕುತ್ತಿದ್ದರಂತೆ. ಅವಳು ಮನೆಗೆ ಬಂದು ಅತ್ತಳು, ಆದರೆ ಬಿಡುತ್ತೇನೆಂದು ಮಾತ್ರ ಅನ್ನಲಿಲ್ಲ. ಪಕ್ಕದ ಬೆಂಚಿನ ಹುಡುಗಿಯೊಬ್ಬಳು ತನ್ನ ನೋಟ್ಸು ಕೊಡತೊಡಗಿದಳು. ವರ್ಷದ ಕೊನೆಗೆ ಮಗಳು ಎಲ್ಲದರಲ್ಲೂ ಪಾಸಾದಳು, ರಸಾಯನಶಾಸ್ತ್ರದಲ್ಲಿ ಚೆನ್ನಾಗಿಯೇ.

ಮೇಷ್ಟ್ರ ಗಾಬರಿ ಪೂರ್ತಿ ಹೋಗಿಲ್ಲ. ಬೆಳಿಗ್ಗೆ ಅವಳನ್ನು ಬಸ್ಸು ಹತ್ತಿಸಿ, ಕಾರಿನಲ್ಲಿ ಕೂತು, ಕಲಿಯಲು ಬಂದವರನ್ನು ಕಾಯಿಸಿಕೊಂಡು ಮೊಬೈಲನ್ನೇ ನೋಡುತ್ತಾನೆ. 'ತಲುಪಿದೆ' ಎಂಬ ಮೆಸೇಜು ಬಂದ ಮೇಲೆಯೇ, "ಸರಿ, ಗಾಡಿ ತೆಗೀರಿ," ಅನ್ನುತ್ತಾನೆ.